ಲೆಕ್ಕದ ತರಗತಿಯ ಕಟ್ಟಳೆಗಳು: ಒಂದು ಚಾರಿತ್ರಿಕ ಅವಲೋಕನ

ಶಾಲೆಗಳು ಪುನರಾರಂಭವಾಗುವ ದಿನಗಳಲ್ಲಿ ಮಕ್ಕಳ ಚೀಲದಲ್ಲಿ ಪುಸ್ತಕಗಳ ಜೊತೆಗೆ ಒಂದು ಮುದ್ರಿತ ಹಾಳೆಯೂ ಮನೆಗೆ ಬರುವುದು ಇತ್ತೀಚಿನ ವಾಡಿಕೆ. ಆರು, ಏಳು, ಎಂಟನೆಯ ತರಗತಿಗಳ ಗಣಿತದ ಹಾಳೆಯಂತೂ ಉಳಿದ ವಿಷಯಗಳ ಹಾಳೆಗಳಿಗಿಂತ ಉದ್ದವಾಗಿರುತ್ತದೆ. ತರಗತಿಗೊಂದು, ಮನೆಗೆಲಸಕ್ಕೊಂದು ಎಂದು ಎರಡು ನೋಟ್‌ಬುಕ್ಕುಗಳಿರಬೇಕು. ಕಂಪಾಸು ಪೆಟ್ಟಿಗೆಯನ್ನು ಮರೆಯಬಾರದು. ಪುಟದ ಬಲಗಡೆ ಗೆರೆ ಎಳೆದು ಕಚ್ಚಾ ಲೆಕ್ಕಕ್ಕೆ ಜಾಗ ಬಿಡಬೇಕು. ಉತ್ತರದ ಕೆಳಗೆ ಎರಡು ಗೆರೆ ಹಾಕಬೇಕು. ತಡವಾಗಿ ಒಪ್ಪಿಸಿದ ಮನೆಗೆಲಸಕ್ಕೆ ಅಂಕಗಳಿಲ್ಲ. ಇವನ್ನೆಲ್ಲ ಓದಿ ಒಪ್ಪಿದ್ದೇವೆಂದು ಪಾಲಕರು ಕೆಳಗೆ ರುಜು ಮಾಡಿ ಕಳುಹಿಸಬೇಕು.

ಮೂವತ್ತಕ್ಕೂ ಹೆಚ್ಚು ವರ್ಷ, ಅದರಲ್ಲಿ ಬಹುಭಾಗವನ್ನು ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ, ಲೆಕ್ಕದ ಮೇಷ್ಟ್ರಾಗಿ ಕಳೆದ ನಾನು ಇಂಥ ಹಾಳೆಗಳು ಕೈಗೆ ಸಿಕ್ಕಾಗ ಕುತೂಹಲದಿಂದ ಓದುತ್ತೇನೆ. ತರಗತಿಯ ಕಟ್ಟಳೆಯೆಂದರೆ ಕೇವಲ ಶಿಸ್ತಿನ ಮಾತಲ್ಲ. ಆಯಾ ಕಾಲದ ಹಿರಿಯರು ಮಗುವಿನಿಂದ ಏನನ್ನು ಬಯಸಿದರು, ಲೆಕ್ಕವೆಂದರೆ ಏನೆಂದು ತಿಳಿದಿದ್ದರು, ತಪ್ಪು ಮಾಡಿದ ಮಗುವನ್ನು ಹೇಗೆ ಕಂಡರು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ನಮ್ಮ ನಾಡಿನಲ್ಲಿ ಈ ದಾಖಲೆಯ ಎಳೆ ಸಾವಿರ ವರ್ಷಕ್ಕೂ ಹಿಂದಕ್ಕೆ ಹೋಗುತ್ತದೆ. ಆ ಎಳೆಯನ್ನು ಹಿಡಿದು ಸ್ವಲ್ಪ ದೂರ ನಡೆದು ನೋಡುವುದು ಈ ಲೇಖನದ ಉದ್ದೇಶ.

ಎಂಟು ಗುಣಗಳು

ಗಣಿತ ಕಲಿಯುವವನಿಂದ ಏನನ್ನು ನಿರೀಕ್ಷಿಸಬೇಕು ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ದೊರೆಯುವ ಬಹು ಹಳೆಯ ಉತ್ತರ ಮಹಾವೀರಾಚಾರ್ಯನದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಈತ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಮದರಾಸಿನ ವಿದ್ವಾಂಸರಾದ ಎಂ. ರಂಗಾಚಾರ್ಯರು 1912ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ ಮೇಲೆ ಹೊರಜಗತ್ತಿಗೂ ಇದರ ಪರಿಚಯವಾಯಿತು. ಇದಾದ ಸುಮಾರು ಮುನ್ನೂರು ವರ್ಷಗಳ ತರುವಾಯ, 12ನೆಯ ಶತಮಾನದಲ್ಲಿ, ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ಬರೆದನು.

ಮಹಾವೀರಾಚಾರ್ಯನು ತನ್ನ ಗ್ರಂಥದ ಮೊದಲ ಅಧಿಕಾರದ ಕೊನೆಯಲ್ಲಿ, ಪರಿಭಾಷೆಗಳನ್ನೆಲ್ಲ ವಿವರಿಸಿ ಲೆಕ್ಕಗಳಿಗೆ ಇಳಿಯುವ ಮುನ್ನ, ಗಣಕನಾದವನನ್ನು ಎಂಟು ಗುಣಗಳಿಂದ ಗುರುತಿಸಬೇಕು ಎಂದು ಹೇಳುತ್ತಾನೆ. ಮೊದಲನೆಯದು ಲಘುಕರಣ, ಎಂದರೆ ಬಳಸುದಾರಿಯಿಲ್ಲದೆ ಚುಟುಕಾಗಿ ಲೆಕ್ಕ ಮಾಡುವುದು. ಎರಡನೆಯದು ಊಹ, ಉತ್ತರ ಹೀಗಿರಬಹುದೆಂದು ಮುಂಚಿತವಾಗಿ ಕಾಣುವುದು. ಮೂರನೆಯದು ಅಪೋಹ, ಹೀಗಿರಲಾರದೆಂದು ಕಂಡು ಅದನ್ನು ತಳ್ಳಿಹಾಕುವುದು. ನಾಲ್ಕನೆಯದು ಅನಾಲಸ್ಯ, ಸೋಮಾರಿಯಾಗದಿರುವುದು. ಐದನೆಯದು ಗ್ರಹಣ, ಹೇಳಿದ್ದನ್ನು ತಿಳಿದುಕೊಳ್ಳುವುದು. ಆರನೆಯದು ಧಾರಣ, ತಿಳಿದದ್ದನ್ನು ನೆನಪಿನಲ್ಲಿ ಉಳಿಸಿಕೊಳ್ಳುವುದು. ಏಳನೆಯದು ಉಪಾಯ, ಹೊಸ ದಾರಿಯನ್ನು ಹುಡುಕಿಕೊಳ್ಳುವುದು. ಎಂಟನೆಯದು ಅವ್ಯಕ್ತವಾಗಿರುವ ರಾಶಿಯನ್ನು ಅಂಕೆಗಳ ಮೂಲಕ ವ್ಯಕ್ತಗೊಳಿಸುವ ಸಾಮರ್ಥ್ಯ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ನೆನಪಿನ ಶಕ್ತಿಗೆ ಇಲ್ಲಿ ಸ್ಥಾನವಿದೆ, ಆದರೆ ಅದು ಎಂಟರಲ್ಲಿ ಒಂದು ಮಾತ್ರ. ಚುರುಕುತನಕ್ಕೂ ಒಂದು, ದುಡಿಮೆಗೂ ಒಂದು. ಉಳಿದವೆಲ್ಲ ತಿಳಿಯುವ, ಹುಡುಕುವ, ಊಹಿಸುವ, ತನ್ನ ಊಹೆ ತಪ್ಪೆಂದು ಕಂಡಾಗ ಅದನ್ನು ಕೈಬಿಡುವ ಗುಣಗಳು. ಊಹ ಮತ್ತು ಅಪೋಹಗಳನ್ನು ಆತನು ಅಕ್ಕಪಕ್ಕದಲ್ಲಿಯೇ ಇಟ್ಟಿರುವುದು ಅರ್ಥಪೂರ್ಣವಾಗಿದೆ. ಊಹಿಸದವನಿಗೆ ಬಿಡಬೇಕಾದದ್ದೇನೂ ಇರುವುದಿಲ್ಲ; ಬಿಡಲಾರದವನ ಊಹೆಯಿಂದ ಪ್ರಯೋಜನವಿಲ್ಲ. ಇವೆರಡು ಪದಗಳು ಕೂಡಿ ಆದ ‘ಊಹಾಪೋಹ’ ಎಂಬ ಮಾತಿಗೆ ಇಂದಿನ ಕನ್ನಡದಲ್ಲಿ ಬಂದಿರುವ ಅರ್ಥವೇನು? ಗಾಳಿಸುದ್ದಿ, ಆಧಾರವಿಲ್ಲದ ಮಾತು! ಪತ್ರಿಕೆಗಳಲ್ಲಿ ‘ಊಹಾಪೋಹಗಳಿಗೆ ಕಿವಿಗೊಡಬೇಡಿ’ ಎಂಬ ಹೇಳಿಕೆಗಳನ್ನು ನಾವೆಲ್ಲ ಓದಿದ್ದೇವೆ. ಗಣಿತಜ್ಞನ ಎರಡು ದೊಡ್ಡ ಗುಣಗಳು ಮಾತಿನಲ್ಲಿ ಹೀಗೆ ಮಾನ ಕಳೆದುಕೊಂಡಂತೆ, ತರಗತಿಯಲ್ಲಿಯೂ ಕಳೆದುಕೊಂಡವೇ ಎಂಬುದು ಮುಂದಿನ ಪ್ರಶ್ನೆ.

ಅಂಗೈಯ ಮೇಲಿನ ಸೊನ್ನೆ

ಹಳ್ಳಿಯ ಮಕ್ಕಳು ನಿಜವಾಗಿ ಹೇಗೆ ಲೆಕ್ಕ ಕಲಿಯುತ್ತಿದ್ದರು ಎಂಬುದಕ್ಕೆ ಸ್ಪಷ್ಟವಾದ ಚಿತ್ರ ದೊರೆಯುವುದು 19ನೆಯ ಶತಮಾನದ ಆರಂಭದಲ್ಲಿ. ಮದರಾಸು ಪ್ರಾಂತದ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ಪ್ರತಿ ಜಿಲ್ಲೆಯ ಕಲೆಕ್ಟರನಿಂದಲೂ ದೇಶೀಯ ಶಾಲೆಗಳ ವರದಿಯನ್ನು ಕೇಳಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿ ಅವುಗಳಲ್ಲಿ ಬಹು ವಿವರವಾದುದು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಆಂಧ್ರದ ಅನಂತಪುರ ಸೀಮೆಯೂ ಸೇರಿತ್ತು. ಒಟ್ಟು ಶಾಲೆಗಳು 533, ಕಲಿಯುತ್ತಿದ್ದ ಮಕ್ಕಳು 6,641. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು, ಇಂಗ್ಲಿಷ್ ಶಾಲೆಗಳು.

ನಮ್ಮ ಹಿರಿಯರು ಕೂಲಿಮಠ, ಐಗಳ ಮಠ ಎಂದು ಕರೆಯುತ್ತಿದ್ದ ಶಾಲೆಗಳೇ ಇವು. ಮುಂಜಾನೆ ಆರು ಗಂಟೆಗೆ ಮಠ ಆರಂಭ. ಬೇಗ ಬರಬೇಕೆಂಬುದಕ್ಕೆ ಒಂದು ಕಟ್ಟಳೆಯಿತ್ತು, ಅದನ್ನು ಕ್ಯಾಂಪ್‌ಬೆಲ್ ಬರೆದಿಟ್ಟಿದ್ದಾನೆ. ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಯ ಮೇಲೆ ಸೊನ್ನೆ: ಇವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಆಮೇಲೆ ಬಂದ ಪ್ರತಿಯೊಬ್ಬನಿಗೂ ಒಂದೊಂದು ಏಟು ಹೆಚ್ಚು.

ಲೆಕ್ಕದ ಮೇಷ್ಟ್ರ ಕಣ್ಣಿಗೆ ಇದು ಏಟುಗಳ ಸಮಾಂತರ ಶ್ರೇಢಿ. ಕ್ಯಾಂಪ್‌ಬೆಲ್ಲನ ಅಂಕಿಗಳಿಂದ ಸರಾಸರಿ ತೆಗೆದರೆ ಒಂದು ಮಠಕ್ಕೆ ಹನ್ನೆರಡು ಮಕ್ಕಳು ಎಂದು ಹಿಡಿಯಬಹುದು. ಹನ್ನೆರಡನೆಯವನಿಗೆ ಬೀಳುವುದು ಹತ್ತು ಏಟು. ಒಂದರಿಂದ ಹತ್ತರವರೆಗೆ ಕೂಡಿದರೆ ಐವತ್ತೈದು. ಪಾಠ ಆರಂಭವಾಗುವ ಮುನ್ನವೇ ದಿನವೊಂದಕ್ಕೆ ಐವತ್ತೈದು ಏಟು! ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹನ್ನೆರಡು ಮಂದಿಯೂ ಸೂರ್ಯೋದಯಕ್ಕೆ ಮೊದಲೇ ಬಂದರೂ ಲೆಕ್ಕ ಬದಲಾಗುವುದಿಲ್ಲ; ಯಾರೋ ಒಬ್ಬನು ಹನ್ನೆರಡನೆಯವನಾಗಲೇಬೇಕು. ಇಲ್ಲಿ ಶಿಕ್ಷೆ ತಪ್ಪಿಗಲ್ಲ, ಸ್ಥಾನಕ್ಕೆ. ಇಂದಿನ ರ್‍ಯಾಂಕಿನ ಪದ್ಧತಿಯಲ್ಲಿಯೂ ಇದೇ ತರ್ಕ ಅಡಗಿದೆಯಲ್ಲವೇ ಎಂದು ಓದುಗರು ಯೋಚಿಸಬಹುದು.

ಇನ್ನು ಒಳಗಿನ ಕಟ್ಟಳೆಗಳು. ಸೋಮಾರಿಯಾದವನಿಗೆ ಏಟು, ಕೆಲವೊಮ್ಮೆ ಎರಡೂ ಕೈಗಳನ್ನು ಕಟ್ಟಿ ಸೂರಿಗೆ ತೂಗುಹಾಕುವುದು, ಇದನ್ನೇ ನಮ್ಮ ಅಜ್ಜಂದಿರು ‘ಕೋದಂಡ’ ಎನ್ನುತ್ತಿದ್ದುದು, ಇಲ್ಲವೆ ಎಡೆಬಿಡದೆ ಕೂತು ಏಳಿಸುವುದು, ಅಂದರೆ ಬಸ್ಕಿ. ಇವು ಕಠೋರವೆಂದು ಆ ಕಲೆಕ್ಟರನಿಗೂ ಅನ್ನಿಸಿತ್ತು.

ಆದರೆ ಅದೇ ವರದಿಯಲ್ಲಿ ಮೆಚ್ಚುಗೆಯ ಮಾತುಗಳೂ ಇವೆ. ಮೊದಲು ಮರಳಿನ ಮೇಲೆ ಬೆರಳಿನಿಂದ ಬರೆಯುವುದು, ಆಮೇಲೆ ಇದ್ದಿಲು ಬಳಿದ ಹಲಗೆ ಅಥವಾ ಗಂಜಿ ಹಾಕಿ ಮಡಿಸಿ ಕಪ್ಪು ಬಳಿದ ಬಟ್ಟೆಯ ಕಡತ. ಬರೆಯಲು ಬಳಪ, ಒರೆಸಲು ಒದ್ದೆ ಬಟ್ಟೆ. ಖರ್ಚಿಲ್ಲದ ಏರ್ಪಾಡು. ಮುಂದುವರಿದ ಮಕ್ಕಳು ಹಿಂದಿನವರಿಗೆ ಕಲಿಸುತ್ತಿದ್ದರು, ಕಲಿಸುತ್ತ ತಮ್ಮ ಪಾಠವನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದರು. ಮದರಾಸಿನ ಸೈನಿಕರ ಅನಾಥ ಬಾಲಕರ ಶಾಲೆಯಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಂಥ ದೇಶೀಯ ಪದ್ಧತಿಯನ್ನು ಕಂಡು, ತನ್ನ ಶಾಲೆಯಲ್ಲಿ ಪ್ರಯೋಗಿಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದನು. ಅಲ್ಲಿ ಅದು ‘ಮದರಾಸು ಪದ್ಧತಿ’ಯೆಂದೇ ಪ್ರಸಿದ್ಧವಾಯಿತು. ಇಂಗ್ಲೆಂಡು ಅದನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂದು ಕ್ಯಾಂಪ್‌ಬೆಲ್ ಅಭಿಪ್ರಾಯಪಡುತ್ತಾನೆ.

ಲೆಕ್ಕದ ಪಾಠದ ವಿವರ ನಮಗೆ ಮುಖ್ಯ. ಅಂಕೆಗಳು, ಒಂದರಿಂದ ನೂರರವರೆಗೆ ಎಣಿಕೆ, ಕೂಡಿಸುವ ಮಗ್ಗಿ, ಹಣದ ಕೂಡು ಕಳೆ, ಗುಣಾಕಾರ, ಅಳತೆ ತೂಕಗಳ ಪರಿವರ್ತನೆ, ಇದು ಕ್ರಮ. ಅತಿ ಹೆಚ್ಚಿನ ಶ್ರಮ ಭಿನ್ನರಾಶಿಗಳಿಗೆ. ಅವು ಹತ್ತರಿಂದ ಇಳಿಯುತ್ತಿರಲಿಲ್ಲ, ನಾಲ್ಕರಿಂದ ಇಳಿಯುತ್ತಿದ್ದವು: ಒಂದರಲ್ಲಿ ನಾಲ್ಕನೆಯ ಭಾಗ ಕಾಲು, ಕಾಲಿನಲ್ಲಿ ನಾಲ್ಕನೆಯ ಭಾಗ ವೀಸ, ವೀಸದಲ್ಲಿ ನಾಲ್ಕನೆಯ ಭಾಗ ಕಾಣಿ. ದಿನಕ್ಕೆ ಎರಡು ಬಾರಿ ಮಕ್ಕಳು ಸಾಲಾಗಿ ನಿಂತು, ಹಿರಿಯ ಹುಡುಗನೊಬ್ಬ ಹೇಳಿಕೊಟ್ಟಂತೆ ಈ ಮಗ್ಗಿಗಳನ್ನೆಲ್ಲ ಒಕ್ಕೊರಲಿನಿಂದ ಒಪ್ಪಿಸಬೇಕಿತ್ತು.

ಮಹಾವೀರಾಚಾರ್ಯನ ಪಟ್ಟಿಯನ್ನು ಪಕ್ಕಕ್ಕಿಟ್ಟು ನೋಡೋಣ. ಧಾರಣಕ್ಕೆ ದಿನಕ್ಕೆರಡು ಬಾರಿ ಸಾಲು, ಲಘುಕರಣಕ್ಕೆ ಬಾಯಿಲೆಕ್ಕ, ಆಲಸ್ಯಕ್ಕೆ ಕೋದಂಡ. ಮೂರು ಗುಣಗಳಿಗೆ ಖಚಿತವಾದ ಕಟ್ಟಳೆಗಳಿದ್ದವು. ಊಹ, ಅಪೋಹ, ಉಪಾಯಗಳಿಗೆ ಸಾಲಿನಲ್ಲಿ ನಿಂತು ಕೂಗುವ ಅವಕಾಶವಿರಲಿಲ್ಲ. ಹೀಗೆಂದು ಕೂಲಿಮಠವನ್ನು ಹಳಿಯುವುದು ಸಲ್ಲದು. ಸಂತೆಯಲ್ಲಿ ಮೋಸಹೋಗದ, ಬಡ್ಡಿಯ ಲೆಕ್ಕವನ್ನು ಸಾಹುಕಾರನ ಮುಂದೆಯೇ ಬಾಯಲ್ಲಿ ಮಾಡಬಲ್ಲ ಮನುಷ್ಯನನ್ನು ಅದು ತಯಾರುಮಾಡುತ್ತಿತ್ತು. ಬರೆದು ನೋಡಲು ಕಾಗದವಿಲ್ಲದವನಿಗೆ ನೆನಪೇ ಕಾಗದ.

ಬಾಗಿಲಿನ ಕಟ್ಟಳೆ

ಒಳಗಿನ ಕಟ್ಟಳೆಗಳಿಗೆಲ್ಲ ಮೊದಲು ಬಾಗಿಲಿನ ಕಟ್ಟಳೆಯೊಂದಿತ್ತು: ಯಾರು ಒಳಗೆ ಕೂರಬಹುದು? ಬಳ್ಳಾರಿಯ 6,641 ಮಕ್ಕಳಲ್ಲಿ ಹುಡುಗಿಯರು ಕೇವಲ 60. ಜಿಲ್ಲೆಯ ಜನಸಂಖ್ಯೆ ಒಂಬತ್ತು ಲಕ್ಷ ಮೀರಿತ್ತು, ಶಾಲೆಯಲ್ಲಿದ್ದವರು ಏಳು ಸಾವಿರವೂ ಇಲ್ಲ. ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಬಡತನದಿಂದಾಗಿ ಈಗ ಒಂದೂ ಇಲ್ಲವೆಂದು ಕ್ಯಾಂಪ್‌ಬೆಲ್ ಮರುಗಿದ್ದಾನೆ.

ಸರ್ಕಾರಿ ಶಾಲೆಗಳು ಬಂದ ಮೇಲೂ ಬಾಗಿಲು ಸುಲಭವಾಗಿ ತೆರೆಯಲಿಲ್ಲ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಬಯಸಿದ ಮಹಾರ್ ಸಮುದಾಯದ ಬಾಲಕನೊಬ್ಬನಿಗೆ ಪ್ರವೇಶ ನಿರಾಕರಿಸಲಾಯಿತು. ಮುಂಬಯಿ ಸರ್ಕಾರಕ್ಕೆ ಅರ್ಜಿ ಹೋಯಿತು. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರೆಂಬ ಅಂಜಿಕೆಯಿಂದ ಸರ್ಕಾರ ಅವನ ಪರ ನಿಲ್ಲಲಿಲ್ಲ. ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆಂಬ ತತ್ತ್ವವನ್ನು ಲಂಡನ್ನಿನ ಮೇಲಧಿಕಾರಿಗಳು ಆಮೇಲೆ ಎತ್ತಿಹಿಡಿದರು. ಆದರೂ ತತ್ತ್ವ ಕಾಗದದಿಂದ ಇಳಿದು ತರಗತಿಯ ಚಾಪೆಯವರೆಗೆ ಬರಲು ಹಲವು ದಶಕಗಳೇ ಬೇಕಾದವು. ಆ ಬಾಲಕನು ಮಗ್ಗಿ ಕಲಿತನೋ ಇಲ್ಲವೋ, ಅವನ ಅರ್ಜಿ ಮಾತ್ರ ಈ ದೇಶದ ಶಿಕ್ಷಣದ ಚರಿತ್ರೆಯಲ್ಲಿ ಉಳಿಯಿತು. ತರಗತಿಯ ಕಟ್ಟಳೆಗಳ ಬಗ್ಗೆ ಬರೆಯುವವರು ಅವನನ್ನು ಮರೆಯಲಾಗದು.

ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ 1868ರಿಂದ ಹೋಬಳಿ ಶಾಲೆಗಳು ಬಂದವು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ಜಾರಿಯಾಗಿ ಕಡ್ಡಾಯ ಶಿಕ್ಷಣಕ್ಕೆ ಕಾನೂನಿನ ಅಡಿಪಾಯ ದೊರೆಯಿತು. ಬಾಗಿಲು ಅಗಲವಾದಂತೆ ಒಳಗಿನ ಕಟ್ಟಳೆಗಳೂ ಬದಲಾದವು.

ಸಾಹೇಬರ ತಪಾಸಣೆ

ಈ ಬದಲಾವಣೆಯ ಒಂದು ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿಯು ‘ಫಲಿತಾಂಶಕ್ಕೆ ತಕ್ಕ ಹಣ’ ಎಂಬ ನಿಯಮ ತಂದನು. ಇನ್‌ಸ್ಪೆಕ್ಟರು ಬಂದು ಓದು, ಬರಹ, ಲೆಕ್ಕ ಮೂರರಲ್ಲಿ ಪ್ರತಿ ಮಗುವನ್ನೂ ಪರೀಕ್ಷಿಸುವುದು. ಮಗು ಒಂದರಲ್ಲಿ ತಪ್ಪಿದರೆ ಶಾಲೆಯ ಅನುದಾನದಲ್ಲಿ ಎರಡು ಶಿಲಿಂಗ್ ಎಂಟು ಪೆನ್ಸ್ ಕಡಿತ. ಮದರಾಸು, ಮುಂಬಯಿ ಪ್ರಾಂತಗಳಲ್ಲಿಯೂ ಇದೇ ಮಾದರಿಯ ಅನುದಾನ ಪದ್ಧತಿ ಬಂದು ಕೆಲವು ದಶಕ ನಡೆಯಿತು.

ಮಗುವಿನ ತಪ್ಪಿಗೆ ಈಗ ಬೆಲೆ ಕಟ್ಟಿದಂತಾಯಿತು. ಕೂಲಿಮಠದಲ್ಲಿ ತಪ್ಪಿನ ನೋವು ಹುಡುಗನ ಅಂಗೈಗೆ ಮಾತ್ರ ತಟ್ಟುತ್ತಿತ್ತು. ಇಲ್ಲಿ ಅದು ಮೇಷ್ಟ್ರ ಅನ್ನಕ್ಕೂ ತಟ್ಟಿತು. ಆಮೇಲೆ ಏನಾಗುವುದೆಂದು ಊಹಿಸುವುದು ಕಷ್ಟವಲ್ಲ. ಇನ್‌ಸ್ಪೆಕ್ಟರು ಕೇಳುವ ಮಾದರಿಯ ಲೆಕ್ಕಗಳನ್ನೇ ತಿಂಗಳುಗಟ್ಟಲೆ ಮಾಡಿಸುವುದು, ದಡ್ಡನೆನಿಸಿದವನನ್ನು ಪರೀಕ್ಷೆಯ ದಿನ ಮನೆಯಲ್ಲಿಯೇ ಇರಿಸುವುದು, ನೋಟ್‌ಬುಕ್ಕಿನಲ್ಲಿ ಒಂದು ಗೀಚೂ ಕಾಣದಂತೆ ನೋಡಿಕೊಳ್ಳುವುದು ಇಂಥ ಅಭ್ಯಾಸಗಳೆಲ್ಲ ಯಾವ ಊರಿನಲ್ಲಿಯಾದರೂ ಹುಟ್ಟುವಂಥವು. ಆ ಅನುದಾನದ ಪದ್ಧತಿ 20ನೆಯ ಶತಮಾನದ ಮೊದಲ ದಶಕದ ಹೊತ್ತಿಗೆ ಮರೆಯಾಯಿತು. ತಪಾಸಣೆಯ ಅಂಜಿಕೆ ಮಾತ್ರ ನಮ್ಮ ಕಾಲದವರೆಗೂ ಉಳಿದು ಬಂದಿತು. ಸಾಹೇಬರು ಬರುವ ಹಿಂದಿನ ದಿನ ಕಪ್ಪುಹಲಗೆಗೆ ಇದ್ದಿಲು ಬಳಿದು, ಮಕ್ಕಳಿಗೆ ಹದಿನಾರರ ಮಗ್ಗಿಯನ್ನು ಮತ್ತೊಮ್ಮೆ ಹೇಳಿಸಿದ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಅವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಆಣೆ ಹೋಗಿ ಪೈಸೆ ಬಂದಾಗ

ಕಟ್ಟಳೆಗಳು ಮನುಷ್ಯರ ಆಜ್ಞೆಯಿಂದ ಮಾತ್ರವಲ್ಲ, ನಾಣ್ಯದಿಂದಲೂ ಬದಲಾಗುತ್ತವೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಾಗ ನಾನು ಮೊದಲ ತರಗತಿ ಮುಗಿಸುತ್ತಿದ್ದ ಹುಡುಗ. ಅದುವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ. ಹಳೆಯ ಭಿನ್ನರಾಶಿಗಳನ್ನು ಇದರ ಮೇಲಿಟ್ಟು ನೋಡಿ: ರೂಪಾಯಿಯ ಕಾಲು ನಾಲ್ಕಾಣೆ, ವೀಸ ಒಂದಾಣೆ, ಕಾಣಿ ಒಂದು ಪೈಸೆ. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಕೂಲಿಮಠದ ಮಗ್ಗಿಯೂ ಅಂಗಡಿಯ ತಕ್ಕಡಿಯೂ ಒಂದೇ ಭಾಷೆ ಆಡುತ್ತಿದ್ದವು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ, ಒಂದೂಕಾಲು ಮಗ್ಗಿ ಇವುಗಳನ್ನು ಬಾಯಿಪಾಠ ಮಾಡಿದ್ದು ಹುಚ್ಚಿಗಲ್ಲ. ಅವು ಅಂದಿನ ಬದುಕಿನ ಕೀಲಿಕೈಗಳು.

ರೂಪಾಯಿಗೆ ನೂರು ನಯಾಪೈಸೆ ಆದಾಗ ಒಂದಾಣೆಗೆ ಆರೂಕಾಲು ನಯಾಪೈಸೆ! ಅಂಗಡಿಕಾರನೂ ಗಿರಾಕಿಯೂ ಒಟ್ಟಿಗೇ ಗೊಂದಲಕ್ಕೊಳಗಾದರು. 1956ರ ಕಾಯಿದೆಯ ಅನ್ವಯ ಮುಂದಿನ ಕೆಲವು ವರ್ಷಗಳಲ್ಲಿ ಕಿಲೋಗ್ರಾಮು, ಮೀಟರು, ಲೀಟರುಗಳೂ ಬಂದವು. ಮನೆಯಲ್ಲಿ ಹಿರಿಯರು ಮುಕ್ಕಾಲು ಮಗ್ಗಿ ಕೇಳಿದರೆ ಶಾಲೆಯಲ್ಲಿ ಮೇಷ್ಟ್ರು ದಶಮಾಂಶ ಬಿಂದು ಎಲ್ಲಿಡಬೇಕೆಂದು ಕೇಳುತ್ತಿದ್ದರು. ಭಿನ್ನರಾಶಿಯ ಮಗ್ಗಿಗಳು ಕ್ರಮೇಣ ಮಗ್ಗಿ ಪುಸ್ತಕದ ಕೊನೆಯ ಪುಟಗಳಿಗೆ ಸರಿದು, ಕೊನೆಗೆ ಪುಸ್ತಕದಿಂದಲೇ ಹೊರಬಿದ್ದವು. ಒಂದು ಕಟ್ಟಳೆ ತನ್ನ ಕಾರಣ ಸತ್ತ ಮೇಲೂ ಎಷ್ಟು ಕಾಲ ಬದುಕಿರುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಆಣೆ ಹೋಗಿ ಹಲವು ವರ್ಷಗಳಾದ ಮೇಲೂ ಒಂದೂಕಾಲು ಮಗ್ಗಿ ಬಾರದ ಹುಡುಗರು ಬೆಂಚಿನ ಮೇಲೆ ನಿಲ್ಲುತ್ತಿದ್ದುದನ್ನು ನಾನು ಬಲ್ಲೆ.

ನಾನು ಕಲಿಸಿದ ಕಾಲ

ನಾನು ಕೆಲಸಕ್ಕೆ ಸೇರಿದ 1970ರ ದಶಕದಲ್ಲಿ ಹಿರಿಯ ಪ್ರಾಥಮಿಕ ಶಾಲೆಯ ಗಣಿತದ ತರಗತಿಗೆ ಬರೆಯದೇ ಇದ್ದ ಕಟ್ಟಳೆಗಳು ಇದ್ದವು. ರೇಖಾಗಣಿತದಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ತಲೆಬರಹಗಳಿಲ್ಲದೆ ಬರೆದರೆ ಅಂಕವಿಲ್ಲ. ಅಂಕಗಣಿತದಲ್ಲಿ ಏಕಮಾನ ಪದ್ಧತಿಯ ಮೂರು ಸಾಲುಗಳನ್ನು ಹಾರಿಸಿ ಉತ್ತರ ಬರೆದವನು ನಕಲು ಮಾಡಿದವನೆಂದೇ ಅನುಮಾನ. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಎದುರಿಗಿದ್ದುದರಿಂದ ಇದೆಲ್ಲಕ್ಕೂ ಒಂದು ಸಮರ್ಥನೆಯೂ ಇತ್ತು. ಬೆತ್ತ ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕದಲ್ಲಿಯೇ ಇರುತ್ತಿತ್ತು.

ನನ್ನ ತರಗತಿಯಲ್ಲಿ ನಾನು ಮೂರು ಕಟ್ಟಳೆಗಳನ್ನು ಇಟ್ಟುಕೊಂಡಿದ್ದೆ. ಮೊದಲನೆಯದು, ಅಂದಾಜು ಮೊದಲು, ಲೆಕ್ಕ ಆಮೇಲೆ. ಲೆಕ್ಕ ಮಾಡುವ ಮುನ್ನ ಉತ್ತರ ಎಷ್ಟರ ಸುಮಾರಿಗೆ ಬರಬಹುದೆಂದು ಪುಟದ ಅಂಚಿನಲ್ಲಿ ಬರೆಯಬೇಕು. ಎರಡನೆಯದು, ತಪ್ಪನ್ನು ರಬ್ಬರಿನಿಂದ ಅಳಿಸಬಾರದು. ಅದರ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು ಕೆಳಗೆ ಸರಿಯಾದದ್ದನ್ನು ಬರೆಯಬೇಕು. ಮೂರನೆಯದು, ಹಲಗೆಯ ಮೇಲಿನ ಲೆಕ್ಕದಲ್ಲಿ, ಅದು ನನ್ನದಾಗಲಿ ಪಠ್ಯಪುಸ್ತಕದ್ದಾಗಲಿ, ಸರಿಯಿಲ್ಲವೆನಿಸಿದ್ದನ್ನು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ಗಣಿತಸಾರಸಂಗ್ರಹದ ಎಂಟು ಗುಣಗಳ ಪರಿಚಯ ನನಗೆ ಆಗ ಇರಲಿಲ್ಲ. ಈಗ ನೋಡಿದರೆ ಮೊದಲನೆಯದು ಊಹಕ್ಕೂ ಎರಡನೆಯದು ಅಪೋಹಕ್ಕೂ ಜಾಗ ಮಾಡಿಕೊಡುವ ಕಟ್ಟಳೆಗಳು.

ಇದರ ಫಲ ಕಂಡ ದಿನಗಳಿವೆ. ‘ಕಾಲ ಮತ್ತು ಕೆಲಸ’ದ ಅಧ್ಯಾಯದಲ್ಲಿ ಒಂದು ಹೊಲದ ಕಳೆ ಕೀಳಲು ಇಂತಿಷ್ಟು ದಿನಕ್ಕೆ ಎಷ್ಟು ಆಳು ಬೇಕು ಎಂಬ ಲೆಕ್ಕ. ಇಡೀ ತರಗತಿ ಏಳೂವರೆ ಎಂದು ಉತ್ತರ ಬರೆದು ಕೆಳಗೆ ಎರಡು ಗೆರೆ ಎಳೆಯಿತು. ಮೂಲೆಯಲ್ಲಿ ಕೂತಿದ್ದ ಹುಡುಗಿಯೊಬ್ಬಳು, ಸುಗ್ಗಿಯಲ್ಲಿ ತಾಯಿಯ ಜೊತೆ ಕೂಲಿಗೆ ಹೋಗುತ್ತಿದ್ದವಳು, ಎದ್ದು ನಿಂತಳು. “ಸಾರ್, ಅರ್ಧ ಆಳು ಹೊಲಕ್ಕೆ ಹೆಂಗ ಬರ್ತಾನ್ರೀ?” ತರಗತಿ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ಎಂಟು ಆಳು ಹೇಳಬೇಕು, ಇಲ್ಲವೆ ಏಳು ಆಳು ಇಟ್ಟುಕೊಂಡು ದಿನ ಹೆಚ್ಚಿಸಬೇಕು ಎಂದು ಅವಳ ವಾದ. ಗುಣಿಸಿ ಭಾಗಿಸಿದವರು ಮೂವತ್ತೈದು ಮಂದಿ; ಬಂದ ಉತ್ತರವನ್ನು ಹೊಲದಲ್ಲಿ ನಿಲ್ಲಿಸಿ ನೋಡಿದವಳು ಅವಳೊಬ್ಬಳೇ. ಆ ದಿನದ ಉಳಿದ ಅವಧಿಯೆಲ್ಲ ಯಾವ ಲೆಕ್ಕದಲ್ಲಿ ಅರ್ಧ ಸಲ್ಲುತ್ತದೆ, ಯಾವುದರಲ್ಲಿ ಸಲ್ಲದು ಎಂಬ ಚರ್ಚೆಗೇ ಹೋಯಿತು.

ಎಲ್ಲರಿಗೂ ಈ ಕಟ್ಟಳೆಗಳು ಹಿಡಿಸಲಿಲ್ಲ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಮಕ್ಕಳ ನೋಟ್‌ಬುಕ್ಕುಗಳಲ್ಲಿ ಗೆರೆ ಎಳೆದ ತಪ್ಪು ಲೆಕ್ಕಗಳನ್ನು ಕಂಡು ಮುಖ ಸಿಂಡರಿಸಿದರು. ಬರವಣಿಗೆ ಕೊಳಕಾಗಿದೆ, ಶಿಕ್ಷಕರು ಗಮನ ಕೊಡುತ್ತಿಲ್ಲ ಎಂದು ತಪಾಸಣಾ ವರದಿಯಲ್ಲಿ ಷರಾ ಬರೆದರು. ಪಕ್ಕದ ಕೋಣೆಯಲ್ಲಿ ಕಪ್ಪುಹಲಗೆಯಿಂದ ಇಳಿಸಿಕೊಂಡ ಮುತ್ತಿನಂಥ ಅಕ್ಷರಗಳಿಗೆ ‘ಉತ್ತಮ’ ಎಂಬ ಷರಾ ಬಿತ್ತು. ಅದಕ್ಕಾಗಿ ನಾನು ಯಾರನ್ನೂ ದೂರುವುದಿಲ್ಲ. ಅವರು ನೋಡಲು ಬಂದದ್ದು ಅಚ್ಚುಕಟ್ಟನ್ನು. ಯೋಚನೆ ಅಚ್ಚುಕಟ್ಟಾಗಿ ಬರುವುದಿಲ್ಲವೆಂಬುದು ಅವರ ನಮೂನೆಯ ಯಾವ ಕಾಲಮ್ಮಿನಲ್ಲಿಯೂ ಇರಲಿಲ್ಲ. ಮರುದಿನವೂ ನಮ್ಮ ತರಗತಿಯಲ್ಲಿ ರಬ್ಬರು ಹೊರಗೆ ಬರಲಿಲ್ಲ.

ಬೆತ್ತ ಹೋದ ಮೇಲೆ

ದೈಹಿಕ ಶಿಕ್ಷೆಯನ್ನು ಶಿಕ್ಷಣದಿಂದ ದೂರವಿಡಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿತ್ತು. ಅದು ಕಾನೂನಾದದ್ದು 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ. 2010ರ ಏಪ್ರಿಲ್ 1ರಂದು ಅದು ಜಾರಿಗೆ ಬಂದಾಗ ನಾನು ನಿವೃತ್ತನಾಗಿದ್ದೆ. ಅದರ 17ನೆಯ ಪ್ರಕರಣ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 29ನೆಯ ಪ್ರಕರಣವು ಮಗು ಭಯ, ಆತಂಕಗಳಿಲ್ಲದೆ ಕಲಿಯುವಂತೆ, ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳುವಂತೆ ಪಠ್ಯಕ್ರಮ ಇರಬೇಕೆನ್ನುತ್ತದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ಮೂವತ್ತೈದು ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರು, ವಿಜ್ಞಾನ ಮತ್ತು ಗಣಿತಕ್ಕೆ ಪ್ರತ್ಯೇಕ ಶಿಕ್ಷಕರು ಇರಬೇಕೆಂಬುದೂ ಅದರ ಅನುಸೂಚಿಯಲ್ಲಿದೆ. ಎರಡು ಶತಮಾನಗಳ ಕಾಲ ಕಟ್ಟಳೆಗಳು ಮಗುವನ್ನು ಕಟ್ಟುತ್ತಿದ್ದವು. ಈ ಕಾಯಿದೆ ಮೊದಲ ಬಾರಿಗೆ ಶಾಲೆಯನ್ನು, ಶಿಕ್ಷಕನನ್ನು, ಸರ್ಕಾರವನ್ನು ಕಟ್ಟಿತು. ಎಂಟನೆಯ ತರಗತಿಯವರೆಗೆ ಯಾರನ್ನೂ ಅನುತ್ತೀರ್ಣಗೊಳಿಸಬಾರದೆಂಬ ಅದರ ಇನ್ನೊಂದು ಕಟ್ಟಳೆ ಮಾತ್ರ 2019ರ ತಿದ್ದುಪಡಿಯಿಂದ ಸಡಿಲವಾಗಿ, ಐದು ಮತ್ತು ಎಂಟನೆಯ ತರಗತಿಗಳಲ್ಲಿ ತಡೆಹಿಡಿಯುವ ಅವಕಾಶ ಮತ್ತೆ ಬಂದಿದೆ.

ಇದಕ್ಕೂ ಮೊದಲು, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ರೂಪಿಸುವಾಗ, ಗಣಿತ ಬೋಧನೆಗಾಗಿ ಪ್ರೊ. ಆರ್. ರಾಮಾನುಜಂ ಅವರ ಅಧ್ಯಕ್ಷತೆಯಲ್ಲಿ ಒಂದು ತಜ್ಞರ ತಂಡ ಕೂಡಿತ್ತು. ಗಣಿತ ಶಿಕ್ಷಣದ ತೊಡಕುಗಳನ್ನು ಪಟ್ಟಿಮಾಡುವಾಗ ಆ ತಂಡ ಮೊದಲು ಹೆಸರಿಸಿದ್ದು ಭಯ ಮತ್ತು ಸೋಲಿನ ಭಾವವನ್ನು. ಮಗುವಿನ ಆಲೋಚನೆಯನ್ನೇ ಗಣಿತೀಯಗೊಳಿಸುವುದು ಮುಖ್ಯ ಗುರಿಯಾಗಬೇಕು, ಕೇವಲ ಲೆಕ್ಕ ಮಾಡುವ ಕೌಶಲ ಸಾಲದು ಎಂದು ಅದು ಹೇಳಿತು. ಅಂದಾಜು ಮಾಡುವುದು, ಸಮಸ್ಯೆಗೆ ಬೇರೆ ಬೇರೆ ದಾರಿ ಹುಡುಕುವುದು, ಕಾರಣ ಕೊಡುವುದು ಇವನ್ನೆಲ್ಲ ಅದು ಎತ್ತಿ ಹೇಳಿದೆ. ಸಾವಿರದ ನೂರೈವತ್ತು ವರ್ಷಗಳ ಹಿಂದೆ ಊಹ, ಅಪೋಹ, ಉಪಾಯ ಎಂದದ್ದನ್ನೇ ಬೇರೆ ಮಾತಿನಲ್ಲಿ ಹೇಳಿದಂತಿದೆ.

ಬೆತ್ತ ಹೋಯಿತು, ಭಯ ಹೋಯಿತೇ? ಮನೆಗೆ ಬರುವ ಮುದ್ರಿತ ಹಾಳೆಗಳನ್ನು ಓದುವಾಗ ನನಗೆ ಈ ಸಂದೇಹ ಬರುತ್ತದೆ. ಅವುಗಳಲ್ಲಿ ಏಟಿನ ಮಾತಿಲ್ಲ, ಸಂತೋಷ. ಆದರೆ ಅಂಕ ಕಡಿತದ ಮಾತಿದೆ, ಗೆರೆಯ ಅಳತೆಯ ಮಾತಿದೆ, ತಡವಾದರೆ ಸೊನ್ನೆ ಎಂಬ ಮಾತಿದೆ. ಆ ಸೊನ್ನೆಯನ್ನು ಅಂಗೈಯ ಮೇಲೆ ಬರೆಯುವುದಿಲ್ಲ ಅಷ್ಟೆ. ಸ್ವಾರಸ್ಯವೆಂದರೆ ಕೂಲಿಮಠದಲ್ಲಿ ಸೊನ್ನೆ ಅವಮಾನವಾಗಿರಲಿಲ್ಲ. ಹೊಗಳಿಕೆ ತೆಗಳಿಕೆಗಳ ನಡುವಿನ ನಿರ್ಲಿಪ್ತ ಸ್ಥಾನವಾಗಿತ್ತು, ಸಂಖ್ಯಾರೇಖೆಯ ಮೇಲೆ ಅದು ಇರಬೇಕಾದ ಜಾಗದಲ್ಲಿಯೇ ಇತ್ತು!

ಕಟ್ಟಳೆಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ನಲವತ್ತು ಮಕ್ಕಳ ತರಗತಿಯನ್ನು ನಡೆಸಿದವರು ಯಾರೂ ಹಾಗೆ ಹೇಳಲಾರರು. ಮಗ್ಗಿ ಬರಬೇಕು, ಹಂತಗಳನ್ನು ಬರೆಯಬೇಕು, ಮನೆಗೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸಬೇಕು. ಧಾರಣ, ಲಘುಕರಣ, ಅನಾಲಸ್ಯಗಳು ಎಂಟರಲ್ಲಿ ಮೂರು ಗುಣಗಳೇ ತಾನೆ? ಆದರೆ ಈ ಮೂರಕ್ಕೆ ಕಟ್ಟಳೆ ಮಾಡುವುದು ಸುಲಭ, ಏಕೆಂದರೆ ಇವನ್ನು ಹೊರಗಿನಿಂದ ಅಳೆಯಬಹುದು. ಉಳಿದ ಐದನ್ನು ಆಜ್ಞೆಯಿಂದ ತರಿಸಲಾಗುವುದಿಲ್ಲ. ಅವುಗಳಿಗೆ ಬೇಕಾದದ್ದು ಅವಕಾಶ. ತಪ್ಪಿದರೆ ಏನೂ ಆಗುವುದಿಲ್ಲವೆಂಬ ಧೈರ್ಯವಿಲ್ಲದ ಮಗು ಊಹಿಸುವುದಿಲ್ಲ. ಊಹಿಸದ ಮಗು ಇನ್ನೊಬ್ಬರ ಉತ್ತರವನ್ನು ಇಳಿಸಿಕೊಳ್ಳುತ್ತದೆ.

ಇಂದು ತರಗತಿಗಳಲ್ಲಿರುವ ಕಿರಿಯ ಗಣಿತ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ವರ್ಷದ ಆರಂಭದಲ್ಲಿ ಕಟ್ಟಳೆಗಳ ಹಾಳೆಯನ್ನು ಸಿದ್ಧಪಡಿಸುವಾಗ, ಮಗು ಏನು ಮಾಡಬೇಕು, ಏನು ಮಾಡಬಾರದು ಎಂಬ ಸಾಲುಗಳ ಜೊತೆಗೆ, ಮಗು ಏನು ಮಾಡಬಹುದು ಎಂಬ ಒಂದು ಸಾಲನ್ನೂ ಸೇರಿಸಿ. ಉತ್ತರ ಗೊತ್ತಿಲ್ಲದಿದ್ದರೂ ಅಂದಾಜು ಹೇಳಬಹುದು. ಹೇಳಿದ ಅಂದಾಜನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಅರ್ಧ ಆಳು ಹೊಲಕ್ಕೆ ಹೇಗೆ ಬರುತ್ತಾನೆಂದು ಕೇಳಬಹುದು. ಪಾಲಕರು ಆ ಸಾಲಿನ ಕೆಳಗೂ ರುಜು ಮಾಡಿ ಕಳುಹಿಸಲಿ.